ಹೋಂಸ್ಕೂಲಿಂಗ್ ಮಕ್ಕಳಿಗೆ ಇತಿಹಾಸ: ಹಂಪಿಗೆ ಕರೆದುಕೊಂಡು ಹೋದರೆ ಸಾಕಾ?

ಯಲಹಂಕದ ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಹೋದ ಜೂನ್‌ನಿಂದ ಇಬ್ಬರಿಗೂ ಮನೆಯಲ್ಲೇ ಕಲಿಸುತ್ತಿದ್ದೇವೆ. ಗಣಿತ, ಕನ್ನಡ, ಇಂಗ್ಲಿಷ್ ಒಂದು ದಾರಿಗೆ ಬಂದಿವೆ. ಕಷ್ಟ ಆಗಿರುವುದು ಇತಿಹಾಸ.

ಪುಸ್ತಕ ಹಿಡಿದು ಕೂತರೆ ಮಗಳು ಇಸವಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾಳೆ. ಮುಂದಿನ ವಾರ ಕೇಳಿದರೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಜಾಗಗಳಿಗೇ ಕರೆದುಕೊಂಡು ಹೋಗೋಣ ಅಂತ ದಸರಾ ಹೊತ್ತಿಗೆ ಎರಡು ದಿನ ಹಂಪಿಗೆ ಹೋದೆವು. ಬೆಳಿಗ್ಗೆಯಿಂದ ಸಂಜೆವರೆಗೆ ಓಡಾಡಿದ್ದೇ ಓಡಾಡಿದ್ದು. ಗೈಡ್ ತುಂಬಾ ಚೆನ್ನಾಗಿ ಹೇಳಿದರು. ವಾಪಸು ಬರುವಾಗ ರೈಲಿನಲ್ಲಿ "ಏನು ನೆನಪಿದೆ ಮಕ್ಕಳೇ?" ಅಂತ ಕೇಳಿದೆ. ಮಗ "ಕೋತಿ" ಅಂದ. ಮಗಳು "ಕಲ್ಲಿನ ರಥ, ಆಮೇಲೆ ಬಿಸಿಲು" ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಯೋಜನೆಯಲ್ಲೇ ಏನೋ ತಪ್ಪಿದೆ ಅನ್ನಿಸುತ್ತಿದೆ. ನೀವೆಲ್ಲ ಹೇಗೆ ಮಾಡುತ್ತೀರಿ? ಮಕ್ಕಳು ಕೈಯಾರೆ ಏನಾದರೂ ಮಾಡಿ ಇತಿಹಾಸ ಕಲಿಯುವ ದಾರಿ ಇದೆಯಾ? ಇನ್ನೊಂದು ವಿಷಯ. ನಮ್ಮತ್ತೆ "ಶಾಲೆಗೆ ಕಳಿಸದಿದ್ದರೆ ಪೊಲೀಸರು ಬರುವುದಿಲ್ಲವಾ?" ಅಂತ ದಿನಾ ಕೇಳುತ್ತಾರೆ. ಅದಕ್ಕೂ ಯಾರಾದರೂ ಉತ್ತರ ಹೇಳಿ, ಅವರ ಆತಂಕ ನೋಡಲಾಗುತ್ತಿಲ್ಲ.

ಹೊಸಪೇಟೆ ಅಪ್ಪ

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾವು ಹಂಪಿಯ ಪಕ್ಕದಲ್ಲೇ ಇರುವವರು. ನಮ್ಮ ಮಕ್ಕಳೂ ಮೊದಮೊದಲು ಕೋತಿಯನ್ನೇ ನೋಡಿಕೊಂಡು ಬರುತ್ತಿದ್ದರು.

ನಾವು ಕಂಡುಕೊಂಡಿದ್ದು ಇಷ್ಟು. ಒಂದು ದಿನಕ್ಕೆ ಒಂದೇ ಪ್ರಶ್ನೆ. ಅದಕ್ಕೆ ಸಂಬಂಧ ಇಲ್ಲದ್ದು ಎಷ್ಟೇ ಚೆಂದ ಇದ್ದರೂ ಆ ದಿನ ನೋಡುವುದಿಲ್ಲ. ವಿಠ್ಠಲ ದೇವಸ್ಥಾನದ ಮುಂದೆಯೇ ಹಾದು ಹೋಗಿ ಒಳಗೆ ಕಾಲಿಡದೆ ಬಂದ ದಿನ ಇದೆ.

ನಮ್ಮ ಮೊದಲ ಪ್ರಶ್ನೆ: "ಈ ಬಂಡೆಗಳ ನಡುವೆ ಅಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು?" ಅಷ್ಟೇ. ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ ನೋಡಿರುತ್ತೀರಿ. ಅದು 1980ರ ದಶಕದಲ್ಲಿ ಅಗೆಯುವಾಗ ಸಿಕ್ಕಿದ್ದು. ಅದರ ಪಕ್ಕದಲ್ಲಿ ಕಲ್ಲಿನ ಕಂಬಗಳ ಮೇಲೆ ಕೂರಿಸಿದ ಕಲ್ಲಿನ ನೀರ್ಗಾಲುವೆ ಇದೆ. ಮಕ್ಕಳು ಆ ಕಾಲುವೆಯ ಜಾಡು ಹಿಡಿದು ನಡೆದರು. ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ಬರೆದುಕೊಂಡರು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಪುಷ್ಕರಣಿಯ ಕಲ್ಲುಗಳ ಮೇಲೆ ಯಾವುದು ಎಲ್ಲಿ ಕೂರಬೇಕು ಅಂತ ಕಲ್ಲುಕೆಲಸದವರು ಹಾಕಿಕೊಂಡ ಗುರುತುಗಳಿವೆ.

ಮನೆಗೆ ಬಂದ ಮೇಲೆ ಅಸಲು ಪಾಠ ಶುರು. ತೋಟದಿಂದ ಬಾಳೆಪಟ್ಟೆ ತಂದು, ಇಟ್ಟಿಗೆ ಮೇಲೆ ಇಟ್ಟು, ನಲ್ಲಿಯಿಂದ ತುಳಸಿಕಟ್ಟೆವರೆಗೆ ಇಪ್ಪತ್ತು ಅಡಿ ನೀರು ಹರಿಸಬೇಕು. ಮೊದಲ ಸಲ ನೀರು ಅರ್ಧದಾರಿಯಲ್ಲೇ ಚೆಲ್ಲಿತು. ಇಳಿಜಾರು ಜಾಸ್ತಿ ಮಾಡಿದರು, ಕೊನೆಗೆ ಹೋಗುವ ಹೊತ್ತಿಗೆ ಪಟ್ಟೆ ನೆಲಕ್ಕೇ ತಾಗಿತು. ಆಗ ಪಕ್ಕದ ಮನೆ ಕಟ್ಟುತ್ತಿದ್ದ ಗಾರೆ ಕೆಲಸದವರು ಬಂದು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವುದನ್ನು ತೋರಿಸಿಕೊಟ್ಟರು. ಮೂರು ದಿನ ಹಿಡಿಯಿತು. ನೀರು ತುಳಸಿಕಟ್ಟೆ ಮುಟ್ಟಿದಾಗ ನನ್ನ ಮಗ ಕೇಳಿದ ಪ್ರಶ್ನೆ: "ಅಪ್ಪಾ, ಅವರು ಕಲ್ಲಿನಲ್ಲಿ ಮಾಡಿದ್ದಾರಲ್ಲ, ತಪ್ಪಾದರೆ ಏನು ಮಾಡುತ್ತಿದ್ದರು?"

ಅದಾದ ಮೇಲೆ ತುರ್ತಾ ಕಾಲುವೆಗೆ ಹೋದೆವು. ವಿಜಯನಗರ ಕಾಲದ ಕಾಲುವೆ, ಇವತ್ತಿಗೂ ಗದ್ದೆ, ಬಾಳೆತೋಟಗಳಿಗೆ ನೀರು ಕೊಡುತ್ತಿದೆ. ರೈತರೊಬ್ಬರು ನೀರಿನ ಸರದಿ ಹೇಗೆ ಅಂತ ಒಂದು ಗಂಟೆ ಕೂತು ಹೇಳಿದರು. 1565ರ ಯುದ್ಧದ ನಂತರ ಹಂಪಿಯಲ್ಲಿ ಎಲ್ಲವೂ ಮುಗಿದುಹೋಯಿತು ಅಂತ ಮಕ್ಕಳು ಪುಸ್ತಕದಲ್ಲಿ ಓದಿದ್ದರು. ಕಾಲುವೆ ಮುಗಿದಿಲ್ಲ ಅನ್ನುವುದು ಅವರಿಗೆ ಅಲ್ಲಿ ಗೊತ್ತಾಯಿತು.

ಧಾರವಾಡದ ಅವ್ವ

ಹೊಸಪೇಟೆ ಅಣ್ಣಾರ, ಆ ಗಾರೆ ಕೆಲಸದವರ ಮಾತು ಓದಿ ಭಾಳ ಖುಷಿ ಆಯಿತು. ಒಂದು ಸೇರಿಸುತ್ತೇನೆ. ಆನೆಗೊಂದಿ ಕಡೆ ಹರಿಗೋಲಿನಲ್ಲಿ ಕೂರಿಸಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯ ಹಾಗೆ ದುಂಡಗಿರುವ, ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುತ್ತಾರೆ ಅಂತ ಬರೆದಿದ್ದಾನೆ. ನಾವು ಅದನ್ನು ಹರಿಗೋಲಿನಲ್ಲಿ ಕೂತೇ ಓದಿದೆವು. ಈಗ ತೊಗಲಿನ ಬದಲು ಏನಿದೆ ಅಂತ ಮಕ್ಕಳು ತಳ ಮುಟ್ಟಿ ನೋಡಿದರು. ನಡೆಸುವವರನ್ನು ಕೇಳಿದರೆ ಹೆಣೆಯುವುದು ಹೇಗೆ ಅಂತಲೂ ಹೇಳುತ್ತಾರೆ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ ಮಾತ್ರ ಕೂರಿಸಬೇಡಿ.

ಮೈಸೂರು, ಇಬ್ಬರು ಗಂಡುಮಕ್ಕಳ ತಾಯಿ

ಅತ್ತೆಯವರ ಪ್ರಶ್ನೆಗೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರಲ್ಲಿದೆ. ಆದರೆ ಪೋಷಕರಿಗೆ ಶಿಕ್ಷೆ ಅಂತ ಏನೂ ಇಲ್ಲ. ಹೋಂಸ್ಕೂಲಿಂಗ್ ಬಗ್ಗೆ ಕಾಯ್ದೆ ಹೌದು ಅಂತಲೂ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಹೀಗೆ ಮಧ್ಯದಲ್ಲಿ ಇದ್ದೇವೆ, ಅದನ್ನು ತಿಳಿದುಕೊಂಡೇ ಹೆಜ್ಜೆ ಇಡಿ.

ಪರೀಕ್ಷೆಗೆ ಎನ್‌ಐಒಎಸ್ (ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಇದೆ. ಚಿಕ್ಕವರಿಗೆ ಅವರದೇ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ: 3, 5 ಮತ್ತು 8ನೇ ತರಗತಿಗೆ ಸಮ. 14 ತುಂಬಿದ ಮೇಲೆ ಹತ್ತನೇ ತರಗತಿ ಕಟ್ಟಬಹುದು. ನನ್ನ ದೊಡ್ಡವನು ಹಾಗೇ ಪಾಸಾದ. ಈಗ ಕಾಲೇಜಿನಲ್ಲಿದ್ದಾನೆ. ಎಲ್ಲ ಕಾಗದ ಪತ್ರ, ಮಕ್ಕಳ ಕೆಲಸದ ಫೋಟೋ, ಟಿಕೆಟ್ ಚೂರು, ಡೈರಿ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ಶಾಲೆಗೆ ಸೇರಿಸಬೇಕು ಅನ್ನಿಸಿದರೂ ಅದು ಬೇಕಾಗುತ್ತದೆ.

ಹೈಸ್ಕೂಲ್ ಮೇಷ್ಟ್ರು

ನಾನು ಹೋಂಸ್ಕೂಲಿಂಗ್ ಪರ ಇರುವವನಲ್ಲ. ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿದ್ದೇನೆ. ಬೇರೆ ಬೇರೆ ಮನೆಯ, ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದೂ ಒಂದು ಪಾಠವೇ. ಅದನ್ನು ಮನೆಯಲ್ಲಿ ಹೇಗೆ ಕೊಡುತ್ತೀರಿ ಅಂತ ದಯವಿಟ್ಟು ಯೋಚಿಸಿ.

ಇನ್ನು ಇತಿಹಾಸದ ವಿಷಯ. ಜಾಗ ನೋಡಿಕೊಂಡು ಕಲಿತ ಮಕ್ಕಳಲ್ಲಿ ನಾನು ಕಂಡ ಕೊರತೆ ಒಂದೇ. ಅವರಿಗೆ ಜಾಗ ಗೊತ್ತಿರುತ್ತದೆ, ಕಾಲ ಗೊತ್ತಿರುವುದಿಲ್ಲ. ಬಾದಾಮಿಯ ಗುಹೆ, ಹಂಪಿ, ಶ್ರೀರಂಗಪಟ್ಟಣ ಎಲ್ಲವೂ "ಹಿಂದಿನ ಕಾಲ" ಅನ್ನುವ ಒಂದೇ ಚೀಲಕ್ಕೆ ಬೀಳುತ್ತವೆ.

ಇದಕ್ಕೆ ನಾನು ತರಗತಿಯಲ್ಲಿ ಮಾಡುತ್ತಿದ್ದದ್ದು ಹಗ್ಗ. ಎರಡೂವರೆ ಮೀಟರ್ ಹತ್ತಿ ಹಗ್ಗ ಗೋಡೆಗೆ ಅಡ್ಡಲಾಗಿ ಕಟ್ಟಿ. ಬಲತುದಿಯ ಗಂಟು 2000ನೇ ಇಸವಿ. ಅಲ್ಲಿಂದ ಎಡಕ್ಕೆ ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್. 1947 ಐದು ಸೆಂಟಿಮೀಟರ್ ದಾಟಿದ ಕೂಡಲೇ ಬರುತ್ತದೆ. ಶ್ರೀರಂಗಪಟ್ಟಣ ಬಿದ್ದ 1799 ಇಪ್ಪತ್ತರಲ್ಲಿ. 1565 ನಲವತ್ತಮೂರೂವರೆಯಲ್ಲಿ. ಬಾದಾಮಿಯ ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ, ಅದು 142ರಲ್ಲಿ. ಸುಮಾರು 450ರ ಹಲ್ಮಿಡಿ ಶಾಸನ 155ರಲ್ಲಿ. ಮಸ್ಕಿಯ ಅಶೋಕನ ಶಾಸನಕ್ಕೆ ಹೆಚ್ಚೂಕಡಿಮೆ 225ರವರೆಗೆ ಹೋಗಬೇಕು. ಹಂಪಿಯಿಂದ ಹಲ್ಮಿಡಿಗೆ ಎಷ್ಟು ದೂರ ಅಂತ ಮಗು ಕೈ ಚಾಚಿ ಅಳೆಯುತ್ತದೆ. ಪ್ರತಿ ಸಲ ಜಾಗ ನೋಡಿ ಬಂದಾಗ ಒಂದು ಚೀಟಿ ಕಟ್ಟಿಸಿ. ಅಜ್ಜಿ ಹುಟ್ಟಿದ ವರ್ಷದ ಚೀಟಿಯಿಂದ ಶುರು ಮಾಡಿ.

ಯಲಹಂಕದ ಅಮ್ಮ

ಮೇಷ್ಟ್ರೇ, ಒಪ್ಪದಿದ್ದರೂ ಇಷ್ಟು ಹೇಳಿಕೊಟ್ಟಿರಲ್ಲ, ತುಂಬಾ ಥ್ಯಾಂಕ್ಸ್. ಬೆಂಚಿನ ಮಾತು ನನಗೂ ನಾಟಿತು. ಮಗಳು ಸಂಜೆ ಬೀದಿಯ ಮಕ್ಕಳ ಜೊತೆ ಆಡುತ್ತಾಳೆ, ಆದರೆ ಅದು ಸಾಲದು ಅಂತ ನನಗೂ ಗೊತ್ತು. ಹಗ್ಗ ಇವತ್ತೇ ಕಟ್ಟಿದೆವು. ಅತ್ತೆಯ ಚೀಟಿಯೇ ಮೊದಲು. ಅತ್ತೆ ತಾವೇ ಗಂಟು ಹಾಕಿದರು!

ಬೆಂಗಳೂರಿನಲ್ಲೇ, ಬಸ್ಸಿನಲ್ಲಿ ಹೋಗಿ ಬರುವ ಹಾಗೆ ಏನಾದರೂ ಇದೆಯಾ? ಪದೇ ಪದೇ ಹಂಪಿಗೆ ಹೋಗಲು ನಮಗೆ ಆಗುವುದಿಲ್ಲ.

ಶಾಸನ ಓದುವವನು

ಇದೆ, ಮತ್ತು ನಿಮಗೆ ತೀರಾ ಹತ್ತಿರ ಇದೆ. ಹೆಬ್ಬಾಳಕ್ಕೆ ಹೋಗಿ.

2018ರಲ್ಲಿ ಚರಂಡಿ ಕೆಲಸ ನಡೆಯುವಾಗ ಅಲ್ಲೊಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿ. ಬೆಂಗಳೂರಿನಲ್ಲಿ ಸಿಕ್ಕ ಅತ್ಯಂತ ಹಳೆಯ ಕನ್ನಡ ಶಾಸನ ಇದೇ. ಕಿತ್ತಯ್ಯ ಅನ್ನುವವನು ಊರು ಕಾಯಲು ಹೋರಾಡಿ ಸತ್ತ ನೆನಪಿಗೆ ನಿಲ್ಲಿಸಿದ್ದು. ಈಗ ಅದಕ್ಕೆ ಒಂದು ಮಂಟಪವನ್ನೂ ಕಟ್ಟಿದ್ದಾರೆ. ಆ ಶಾಸನದಲ್ಲಿ ಊರಿನ ಹೆಸರು 'ಪೆರ್ಬೊಳಲ್' ಅಂತ ಇದೆ. ಮಗಳಿಗೆ ಹೇಳಿ: ಹಾಲು ಹಿಂದೆ ಪಾಲು ಆಗಿತ್ತು, ಹುಲಿ ಪುಲಿ ಆಗಿತ್ತು, ಹೂವು ಪೂ ಆಗಿತ್ತು. ಈಗ ಪೆರ್ಬೊಳಲ್ ಏನಾಗಿರಬಹುದು? ನಮ್ಮ ಗುಂಪಿನಲ್ಲಿ ಎಂಟು ವರ್ಷದ ಹುಡುಗಿ ಅರ್ಧ ನಿಮಿಷದಲ್ಲಿ "ಹೆಬ್ಬಾಳ!" ಅಂತ ಕೂಗಿದಳು. ಆ ಮುಖ ನಾನು ಮರೆಯುವುದಿಲ್ಲ.

ಆಮೇಲೆ ಬೇಗೂರು. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು 900ನೇ ಇಸವಿಯ ಶಾಸನ ಇದೆ. ಅದರಲ್ಲಿ 'ಬೆಂಗಳೂರ ಕಾಳೆಗ' ಅಂತ ಬರುತ್ತದೆ, ಆ ಕಾಳಗದಲ್ಲಿ ಸತ್ತವನ ನೆನಪಿಗೆ ಬರೆಸಿದ್ದು. ಅಂದರೆ ಆಗಲೇ ಬೆಂಗಳೂರು ಅನ್ನುವ ಹೆಸರು ಇತ್ತು. ಈಗ ಮಕ್ಕಳಿಗೆ ಎರಡು ವಿಷಯ ಎದುರಿಗಿಡಿ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಆಯಿತು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಹೊಯ್ಸಳ ವೀರಬಲ್ಲಾಳ ಬಂದಿದ್ದು ಬೇಗೂರು ಶಾಸನ ಬರೆದು ಮುನ್ನೂರು ವರ್ಷದ ಹತ್ತಿರ ಆದಮೇಲೆ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಮೇಷ್ಟ್ರ ಹಗ್ಗದಲ್ಲಿ ಬೇಗೂರಿನ ಚೀಟಿ 110ರಲ್ಲಿ, ಕೆಂಪೇಗೌಡರದು 46ರಲ್ಲಿ. ಕಥೆ ನಿಜವಾ, ಕಲ್ಲು ನಿಜವಾ? ತೀರ್ಪು ಮಕ್ಕಳೇ ಹೇಳಲಿ. ಕಥೆ ಸುಳ್ಳಾದರೆ ಜನ ಯಾಕೆ ಇಷ್ಟು ದಿನ ಹೇಳಿಕೊಂಡು ಬಂದರು ಅನ್ನುವುದೂ ಒಳ್ಳೆಯ ಪ್ರಶ್ನೆ.

ವೀರಗಲ್ಲು ಓದುವುದನ್ನು ಕಲಿಸಿಬಿಡಿ, ಆಮೇಲೆ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಮಕ್ಕಳಿಗೆ ಪಾಠ ಸಿಗುತ್ತದೆ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವವರೆಗೆ ಈ ಹೆಸರು ಇರಲಿ ಅಂತ. ಕೆಳಗಿನ ಚಿತ್ರದಲ್ಲಿ ದನಗಳಿದ್ದರೆ ತುರುಗಾಳಗ, ದನ ಕದಿಯಲು ಬಂದವರ ಜೊತೆ ಹೋರಾಟ.

ನಾಯಿ ಇಷ್ಟಪಡುವ ಮಕ್ಕಳಿಗೆ ಆತಕೂರು ಶಾಸನ ಇದೆ. ಮಂಡ್ಯ ಜಿಲ್ಲೆಯ ಆತಕೂರಿನದು, 949ನೇ ಇಸವಿ. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಮೇಲೆ ನಾಯಿ ಹಂದಿ ಎರಡೂ ಕೆತ್ತಿವೆ. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹೊರಡುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿ.

ಕೈಮುಗಿದು ಕೇಳಿಕೊಳ್ಳುತ್ತೇನೆ, ಅಕ್ಷರ ಕಾಣಲಿ ಅಂತ ಶಾಸನದ ಮೇಲೆ ಎಣ್ಣೆ, ಅರಿಶಿನ, ಸುಣ್ಣ, ಬಣ್ಣ ಹಚ್ಚಬೇಡಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಹೋಗಿ. ಇಲ್ಲವಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಕ್ಷರಗಳು ಎದ್ದು ನಿಲ್ಲುತ್ತವೆ.

ಕೋಲಾರ ರಸ್ತೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿದ್ದೀರಾ? ಕಲ್ಲು ಕೆತ್ತುವವರ ಊರು. ಬೇಗೂರು ನೋಡಿ ಅಲ್ಲಿಗೆ ಹೋಗಿ. ನಮ್ಮವನಿಗೆ ಒಂದು ಚೂರು ಕಲ್ಲು, ಉಳಿ, ಸುತ್ತಿಗೆ ಕೊಟ್ಟು ಒಂದೇ ಅಕ್ಷರ ಕೆತ್ತಲು ಹೇಳಿದರು. 'ಅ' ಕೆತ್ತಲು ಒಂದೂವರೆ ಗಂಟೆ. ಕಣ್ಣಿಗೆ ಕನ್ನಡಕ ಹಾಕಿಸಿ, ಚೂರು ಸಿಡಿಯುತ್ತದೆ.

ಧಾರವಾಡದ ಅವ್ವ

ಕೈಯಾರೆ ಮಾಡುವುದು ಅಂದಿರಲ್ಲ, ನಮ್ಮ ಮನೆಯಲ್ಲಿ ಮಕ್ಕಳು ಅತಿ ಜಾಸ್ತಿ ಮೆಚ್ಚಿದ್ದು ಕಡತ. ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಆ ಪದ ಎಲ್ಲಿಂದ ಬಂತು ಅಂತ ಗೊತ್ತಾ? ಹಿಂದೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ, ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮಠಗಳ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲ ಹೀಗೇ ಇರುತ್ತಿತ್ತು. ಬೇಡ ಅಂದರೆ ಒರೆಸಿ ಮತ್ತೆ ಬರೆಯಬಹುದು.

ನಾವು ಮಾಡಿದ್ದು ಹೀಗೆ. ಹಳೆಯ ಹತ್ತಿ ಪಂಚೆಯ ಉದ್ದನೆ ತುಂಡು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಸಿ, ರುಬ್ಬಿ, ನೀರು ಹಾಕಿ ಗಂಜಿಯ ಹಾಗೆ ಕುದಿಸಿದೆವು. ಒಲೆಯ ಇದ್ದಿಲು ಕುಟ್ಟಿ ವಸ್ತ್ರಗಾಳಿಸಿ ಅದರಲ್ಲಿ ಕಲಸಿದೆವು. ಎರಡೂ ಕಡೆ ತೆಳ್ಳಗೆ ಬಳಿದು ಒಣಗಿಸಿ, ಮತ್ತೊಮ್ಮೆ ಬಳಿದೆವು. ದಪ್ಪ ಬಳಿದರೆ ಮಡಚುವಾಗ ಬಿರಿಯುತ್ತದೆ, ನಮ್ಮ ಮೊದಲನೆಯದು ಹಾಗೇ ಹಾಳಾಯಿತು. ಎರಡನೆಯದು ಚೆನ್ನಾಗಿ ಬಂತು. ಈಗ ಮಗಳು ಮನೆಯ ಹಾಲಿನ ಲೆಕ್ಕ ಅದರಲ್ಲೇ ಬರೆಯುತ್ತಾಳೆ.

ಖಾದಿಯೂ ನಮಗೆ ಹತ್ತಿರ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಮೊದಲೇ ಕೇಳಿಕೊಂಡು ಹೋಗಿದ್ದೆವು. ಮನೆಗೆ ಬಂದು ಒಂದು ಕಡ್ಡಿ, ಒಂದು ಮಣ್ಣಿನ ಬಿಲ್ಲೆ ಸೇರಿಸಿ ತಕಲಿ ಮಾಡಿದೆವು. ಹಂಜಿ ಹಿಡಿದು ನೂಲು ತೆಗೆಯಲು ಮಕ್ಕಳಿಗೆ ನಾಲ್ಕು ದಿನ ಬೇಕಾಯಿತು. ಮೊದಲ ದಿನ ಬರೀ ಹರಿಯುತ್ತಿತ್ತು. ಒಂದು ಮೊಳ ನೂಲು ಬಂದ ಮೇಲೆ ನನ್ನ ಮಗ ತನ್ನ ಅಂಗಿಯ ಬಟ್ಟೆಯನ್ನು ಬೆರಳಲ್ಲಿ ಹಿಡಿದು ಸುಮ್ನೆ ನೋಡುತ್ತಾ ಕೂತಿದ್ದ.

ಬಾದಾಮಿಗೆ ಹೋದರೆ ಕಪ್ಪೆ ಅರಭಟ್ಟನ ಶಾಸನ ಬಿಡಬೇಡಿ. ಸುಮಾರು 700ನೇ ಇಸವಿಯ ತ್ರಿಪದಿ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಶುರು. ಸಾವಿರದ ಮುನ್ನೂರು ವರ್ಷದ ಸಾಲು, ಹತ್ತು ವರ್ಷದ ಮಗುವಿಗೆ ಅರ್ಥ ಆಗುತ್ತದೆ ಅಂದರೆ ಮೈ ಜುಮ್ಮೆನ್ನುತ್ತದೆ ನನಗೆ.

ಮಂಡ್ಯದ ತಂದೆ

ನಮ್ಮದು ಶ್ರೀರಂಗಪಟ್ಟಣ. ಮೂರು ಸಲ ಹೋಗಿದ್ದೇವೆ, ಮೂರು ಸಲವೂ ಬೇರೆ ಪ್ರಶ್ನೆ. ಮೊದಲ ಸಲ ಕೋಟೆ ಗೋಡೆ ಒಡೆದ ಜಾಗ. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಕಾವೇರಿ ದಾಟಿ ನುಗ್ಗಿದ್ದು ಅಲ್ಲೇ. ಮೇ ತಿಂಗಳಲ್ಲೇ ಹೋಗಿ ಹೊಳೆಯಲ್ಲಿ ನೀರು ಎಷ್ಟಿದೆ ನೋಡಿದೆವು. ಯಾಕೆ ಮೇ? ಯಾಕೆ ಇನ್ನೊಂದು ತಿಂಗಳು ಕಾಯಲಿಲ್ಲ? ಮುಂಗಾರು ಬಂದರೆ ಹೊಳೆ ತುಂಬುತ್ತದೆ ಅಂತ ಮಗಳೇ ಹೇಳಿದಳು. ಎರಡನೇ ಸಲ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಗೋಡೆಯ ಮೇಲಿದೆ. ಮೂರನೇ ಸಲ ಟಿಪ್ಪು ಸೈನ್ಯದ ರಾಕೆಟ್. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯಿಂದ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕವಲ್ಲ, ಆ ಸುದ್ದಿ ಓದಿಸಿ, ಬಿದಿರಿನ ಬದಲು ಕಬ್ಬಿಣದ ಕೊಳವೆ ಹಾಕಿದರೆ ಏನು ಲಾಭ ಅಂತ ಚರ್ಚೆ ಮಾಡಿದೆವು. ಪಟಾಕಿ ಮುಟ್ಟಿಸಲಿಲ್ಲ. ದಾರಕ್ಕೆ ಕಟ್ಟಿದ ಬಲೂನಿನಲ್ಲೇ ಪ್ರಯೋಗ.

ಆದರೆ ಮಗ ಒಂದು ದಿನ "ಟಿಪ್ಪು ಒಳ್ಳೆಯವನಾ, ಕೆಟ್ಟವನಾ?" ಅಂತ ಕೇಳಿದ. ನನಗೆ ಉತ್ತರ ಕೊಡಲು ಆಗಲಿಲ್ಲ. ಮನೆಯಲ್ಲೇ ದೊಡ್ಡವರ ನಡುವೆ ಜಗಳ ಆಗುವ ವಿಷಯ. ಮೇಷ್ಟ್ರೇ, ನೀವು ತರಗತಿಯಲ್ಲಿ ಏನು ಮಾಡುತ್ತಿದ್ದಿರಿ?

ಹೈಸ್ಕೂಲ್ ಮೇಷ್ಟ್ರು

ಮಂಡ್ಯದವರೇ, ಆ ಪ್ರಶ್ನೆಗೆ ಉತ್ತರ ಕೊಡಲು ಆತುರ ಬೇಡ. ನಾನು ಮೂರು ಹಾಳೆ ಕೊಡುತ್ತಿದ್ದೆ. ಒಂದರಲ್ಲಿ, 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಸ್ವಾಮಿಗಳಿಗೆ ಬರೆಸಿದ ಪತ್ರದ ವಿಷಯ. ಇನ್ನೊಂದರಲ್ಲಿ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ದೀಪಾವಳಿ ಯಾಕೆ ಮಾಡುವುದಿಲ್ಲ ಅನ್ನುವುದು, ಆ ದಿನ ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದ ಅನ್ನುವ ನೆನಪು ಅವರದು. ಮೂರನೆಯದರಲ್ಲಿ, ಕೊಡಗಿನ ಜನರನ್ನು ಸೆರೆಹಿಡಿದು ಒಯ್ದ ನೆನಪು. ಮೂರನ್ನೂ ಓದಿಸಿ ಒಂದೇ ಮಾತು ಕೇಳುತ್ತಿದ್ದೆ: ಇದನ್ನು ಯಾರು ಹೇಳುತ್ತಿದ್ದಾರೆ, ಯಾವಾಗ, ಅವರಿಗೆ ಹೇಗೆ ಗೊತ್ತು? ಒಬ್ಬ ಮನುಷ್ಯನ ಬಗ್ಗೆ ಮೂರು ಹಾಳೆಯೂ ನಿಜ ಆಗಿರಬಹುದು ಅನ್ನುವುದನ್ನು ಮಕ್ಕಳು ನಮಗಿಂತ ಬೇಗ ಒಪ್ಪುತ್ತಾರೆ.

ನಿಮಗೆ ಹತ್ತಿರ ಶಿವಪುರವೂ ಇದೆ, ಮದ್ದೂರಿನ ಪಕ್ಕ. 1938ರ ಏಪ್ರಿಲ್‌ನಲ್ಲಿ ನಿಷೇಧ ಇದ್ದರೂ ಅಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಅದೇ ತಿಂಗಳು 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಜನರ ಮೇಲೆ ಗುಂಡು ಹಾರಿತು. "ಬ್ರಿಟಿಷ್ ಪೊಲೀಸರು ಹೊಡೆದರು" ಅಂತ ಮಕ್ಕಳು ತಾವಾಗಿಯೇ ಬರೆಯುತ್ತಾರೆ. ಹೊಡೆದದ್ದು ಮೈಸೂರು ಸಂಸ್ಥಾನದ ಪೊಲೀಸರು. ಸಂಸ್ಥಾನ ಅಂದರೇನು ಅನ್ನುವುದು ಆ ಒಂದು ತಿದ್ದುಪಡಿಯಿಂದ ಅರ್ಥ ಆಗುತ್ತದೆ.

ವರ್ಜೀನಿಯಾದಿಂದ ಒಬ್ಬಳು

ನಾನು ಹಾಸನದವಳು, ಈಗ ಅಮೆರಿಕದ ವರ್ಜೀನಿಯಾದಲ್ಲಿದ್ದೇನೆ. ಇಲ್ಲಿ ಹೋಂಸ್ಕೂಲಿಂಗ್‌ಗೆ ಕಾನೂನೇ ಇದೆ. ಪ್ರತಿ ವರ್ಷ ಆಗಸ್ಟ್ 15ರೊಳಗೆ ಶಾಲಾ ಜಿಲ್ಲೆಗೆ ತಿಳಿಸಬೇಕು, ವರ್ಷದ ಕೊನೆಗೆ ಮಗು ಕಲಿತಿದೆ ಅಂತ ದಾಖಲೆ ಕೊಡಬೇಕು. ಇತಿಹಾಸ ಕಲಿಸಲು ಕಲೋನಿಯಲ್ ವಿಲಿಯಮ್ಸ್‌ಬರ್ಗ್, ಜೇಮ್ಸ್‌ಟೌನ್ ಇವೆ. ಹೋಂಸ್ಕೂಲ್ ಮಕ್ಕಳಿಗೆ ಅಂತಲೇ ಕಡಿಮೆ ದರದ ದಿನಗಳನ್ನು ಇಡುತ್ತಾರೆ. ಜೇಮ್ಸ್‌ಟೌನ್‌ನಲ್ಲಿ 1607ರಲ್ಲಿ ಬಂದ ಮೂರು ಹಡಗುಗಳಂಥದ್ದೇ ಹಡಗು ಕಟ್ಟಿ ನಿಲ್ಲಿಸಿದ್ದಾರೆ, ಹತ್ತಿ ಓಡಾಡಬಹುದು. ವಿಲಿಯಮ್ಸ್‌ಬರ್ಗ್‌ನಲ್ಲಿ 18ನೇ ಶತಮಾನದ ಬಟ್ಟೆ ತೊಟ್ಟ ಕಮ್ಮಾರ, ಅಚ್ಚುಕೂಟದವರು ಕೆಲಸ ಮಾಡುತ್ತಾ ಮಾತಾಡುತ್ತಾರೆ. ಬೇಸಿಗೆಯಲ್ಲಿ ಇಟ್ಟಿಗೆಗೆ ಮಣ್ಣು ತುಳಿಯಲು ಮಕ್ಕಳನ್ನು ಬಿಡುತ್ತಾರೆ.

ನನ್ನ ಮಗಳು ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಗುತ್ತಿದ್ದಳು. ಹೊರಗೆ ಬಂದು ಕಾಲು ತೊಳೆಯುವಾಗ "ಅಮ್ಮಾ, ಆಗ ದಿನಾ ಇದನ್ನು ಯಾರು ತುಳಿಯುತ್ತಿದ್ದರು?" ಅಂತ ಕೇಳಿದಳು. ಆ ಕಾಲದಲ್ಲಿ ಆ ಊರಿನ ಅರ್ಧಕ್ಕಿಂತ ಜಾಸ್ತಿ ಜನ ಕಪ್ಪು ಜನರು, ಹೆಚ್ಚಿನವರು ಗುಲಾಮರು. ನಾನು ಹೇಳಿದೆ. ಅವಳ ನಗು ನಿಂತಿತು. ಆ ದಿನ ನಾವು ಬೇರೇನೂ ನೋಡಲಿಲ್ಲ.

ಕಳೆದ ವರ್ಷ ಊರಿಗೆ ಬಂದಾಗ ಬೇಲೂರಿಗೆ ಕರೆದುಕೊಂಡು ಹೋದೆ. ಅಲ್ಲೂ ಅದೇ ಪ್ರಶ್ನೆ: "ಈ ಕಲ್ಲನ್ನು ಹೊತ್ತವರು ಯಾರು?" ಮಕ್ಕಳ ಈ ಪ್ರಶ್ನೆಗೆ ಜಾಗ ಬಿಡಿ, ದಯವಿಟ್ಟು. ಇನ್ನೊಂದು ಮಾತು. ಇಲ್ಲಿ ಹಳೆಯ ಕೆಲಸ ತೋರಿಸಲು ವೇಷ ಹಾಕಿಕೊಂಡು ನಿಲ್ಲಬೇಕು. ನಿಮ್ಮಲ್ಲಿ ಕುಂಬಾರರು, ಕಮ್ಮಾರರು, ಚನ್ನಪಟ್ಟಣದ ಅರಗಿನ ಕೆಲಸದವರು, ಬೀದರ್ ಕೋಟೆಯ ಮಣ್ಣಿನಿಂದ ಬಿದರಿಗೆ ಕಪ್ಪು ತರಿಸುವವರು ಇನ್ನೂ ಅದೇ ಕೆಲಸದಿಂದ ಬದುಕುತ್ತಿದ್ದಾರೆ. ಅವರ ಅರ್ಧ ದಿನ ತೆಗೆದುಕೊಂಡರೆ ಅವರ ಕೂಲಿ ಕೊಟ್ಟು ಬನ್ನಿ. ಫೋಟೋ ತೆಗೆದುಕೊಂಡು ಬರುವುದಷ್ಟೇ ಆಗಬಾರದು.

ಹೊಸಪೇಟೆ ಅಪ್ಪ

ತಂಗೀ, ಕಲ್ಲು ಹೊತ್ತವರ ಪ್ರಶ್ನೆಯನ್ನು ನಮ್ಮ ಮುಂದಿನ ಹಂಪಿ ದಿನಕ್ಕೆ ಇಟ್ಟುಕೊಂಡೆ.

ಖರ್ಚಿನ ಬಗ್ಗೆ ಕೇಳುವವರಿಗೆ: ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹನ್ನೊಂದರ ಮೇಲೆ ಬಿಸಿಲಲ್ಲಿ ಮಕ್ಕಳನ್ನು ನಡೆಸಬೇಡಿ, ಆರಕ್ಕೆ ಶುರು ಮಾಡಿ.

ಯಲಹಂಕದ ಅಮ್ಮ

ಮೂರು ವಾರ ಆಯಿತು. ಏನಾಯಿತು ಅಂತ ನಿಮಗೆಲ್ಲ ಹೇಳಲೇಬೇಕು.

ಬೇಗೂರಿಗೆ ಎರಡು ಸಲ ಹೋದೆವು. ಮೊದಲ ಸಲ ಮಧ್ಯಾಹ್ನ, ಏನೂ ಕಾಣಲಿಲ್ಲ. ಎರಡನೇ ಸಲ ಬೆಳಿಗ್ಗೆ ಬೇಗ. ಟಾರ್ಚು ಪಕ್ಕದಿಂದ ಹಿಡಿದಾಗ ಮಗಳು ಉಸಿರು ಬಿಗಿಹಿಡಿದು ನಿಂತಳು. ಅಕ್ಷರ ಓದಲು ಬರಲಿಲ್ಲ, ಹಳೆಗನ್ನಡದ ಲಿಪಿ. ಶಾಸನದ ಪಾಠವನ್ನು ಮುದ್ರಿಸಿಕೊಂಡು ಹೋಗಿದ್ದೆವು, ಒಂದೊಂದೇ ಅಕ್ಷರ ಹೋಲಿಸಿದಳು. ನಾಲ್ಕೈದು ಸಿಕ್ಕಿದವು. ಅಷ್ಟಕ್ಕೇ ಒಂದು ಗಂಟೆ. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಬೀದಿಯ ಮೂರು ಮಕ್ಕಳೂ ಈಗ ಜೊತೆಗೆ ಬರುತ್ತಾರೆ, ಶಾಲೆಗೆ ಹೋಗುವವರು. ಮೇಷ್ಟ್ರ ಮಾತಿನಿಂದಲೇ ಕೇಳಿದ್ದು, ಅವರ ಮನೆಯವರು ಖುಷಿಯಿಂದ ಕಳಿಸಿದರು. ಕಡತ ಎರಡು ಮಾಡಿದೆವು, ಹುಣಸೆ ಬೀಜ ಹುರಿದುಕೊಟ್ಟಿದ್ದು ಅತ್ತೆ. ಅವರ ಅಪ್ಪನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಹೇಗೆ ಬರೆಯುತ್ತಿದ್ದರು ಅಂತ ಹೇಳುತ್ತಾ ಕೂತರು. ಮಗಳು ಅದನ್ನೂ ಬರೆದುಕೊಂಡಳು. ಪೊಲೀಸರ ವಿಷಯ ಈ ವಾರ ಬಂದಿಲ್ಲ.

ಮಗಳು ಕಡತದ ಮೊದಲ ಮಡಿಕೆಯಲ್ಲಿ 'ಬೆಂಗಳೂರ ಕಾಳೆಗ' ಅಂತ ಬರೆದಿದ್ದಾಳೆ. ಅದರ ಕೆಳಗೆ ಮಗ ಬರೆದ ಸಾಲು: "ಸತ್ತವನ ಅಮ್ಮ ಏನು ಮಾಡಿದಳು?" ಕಲ್ಲಿನಲ್ಲಿ ಅದು ಇಲ್ಲ ಅಂತ ಹೇಳಿದೆ. ಹಾಗಾದರೆ ಬೇರೆ ಕಲ್ಲು ನೋಡೋಣ ಅಂದ.

ಬರುವ ಶನಿವಾರ ಹೆಬ್ಬಾಳ. ಬೆಳಿಗ್ಗೆ ಏಳಕ್ಕೆ ಶಾಸನದ ಮಂಟಪದ ಹತ್ತಿರ ಇರುತ್ತೇವೆ. ಹತ್ತಿರದವರು ಮಕ್ಕಳನ್ನು ಕರೆದುಕೊಂಡು ಬನ್ನಿ. ನೀರು, ಟೋಪಿ, ಒಂದು ಟಾರ್ಚು ತನ್ನಿ. ಮಧ್ಯಾಹ್ನದ ಚಿತ್ರಾನ್ನ ನನ್ನದು.